ಮದ್ವೆ ನಡೆಸೋಕೆ ನಂಗ್ಯಾವ ಅರ್ಹತೆ?

ಹೋದ ತಿಂಗಳು ನನ್ನ ತಮ್ಮನ ಮಗಳು ಬಂದು, "ಅತ್ತೆ, ನಾವು ಮಂತ್ರಮಾಂಗಲ್ಯ ಮಾಡ್ಕೋತೀವಿ, ನೀನೇ ನಿಂತು ಓದಿ ನಡೆಸ್ಕೊಡು" ಅಂದ್ಳು. ಅಕ್ಕಿ ಕೇರ್ತಿದ್ದ ಮೊರ ಕೈಯಲ್ಲೇ ನಿಂತೋಯ್ತು. ಕಿರಂಗೂರಲ್ಲಿ ಎಲ್ಲರಿಗೂ ಗೊತ್ತು, ನಮ್ಮ ಯಜಮಾನ್ರು ಹೋಗಿ ಆರು ವರ್ಷ. ಅವತ್ತಿಂದ ಯಾವ ಚಪ್ಪರದಲ್ಲೂ ನಾನು ಕಳಸ ಮುಟ್ಟಿಲ್ಲ. ಒಳಗಡೆ ಎಲೆ ಅಡಿಕೆ ಜೋಡಿಸ್ತಾ ಕೂತಿರ್ತೀನಿ. ಧಾರೆ ಹೊತ್ಗೆ ಯಾರಾದ್ರೂ ಅಕ್ಷತೆ ತಂದು ಕೈಗೆ ಹಾಕಿದ್ರೆ ಅಲ್ಲಿಂದ್ಲೇ ಎಸೆಯೋದು.

"ನಿಂಗ್ಯಾವ ಅರ್ಹತೆ ಐತೆ ಕಣವ್ವ?" ಅಂದ್ರು ದೊಡ್ಡಮ್ಮ. ಸಿಟ್ಟು ಬರ್ಲಿಲ್ಲ. ಅವರೂ ಮೂವತ್ತು ವರ್ಷದಿಂದ ಒಳಗಡೆ ಕೂತವರೇ. ಆದ್ರೆ ಆ ಮಾತು ನನ್ನ ಬಿಡ್ಲಿಲ್ಲ, ಪರಿಚಯದ ವಕೀಲರನ್ನ ಹೋಗಿ ಕೇಳ್ದೆ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಹೇಳೋದಿಷ್ಟು: ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಪದ್ಧತಿಯಂತೆ ಶಾಸ್ತ್ರ ನಡೀಬೇಕು. ನಡೆಸೋರು ಗಂಡಸಾ ಹೆಂಗಸಾ, ಯಾವ ಜಾತಿ, ತಾಳಿ ಇದ್ಯಾ ಇಲ್ವಾ, ಒಂದೂ ಕೇಳಲ್ಲ. ಪರೀಕ್ಷೆನೂ ಇಲ್ಲ, ಲೈಸೆನ್ಸೂ ಇಲ್ಲ. ನನ್ನನ್ನ ಒಳಗೆ ಕೂರಿಸಿದ್ದು ಕಾನೂನಲ್ಲ, ನಾವೇ.

ಹಂಗಂತ ಓದ್ಬಿಟ್ರೆ ಮದ್ವೆ ಆಗೋಯ್ತು ಅನ್ನೋರ ಮಾತನ್ನ ನಾನು ಒಪ್ಪಲ್ಲ. ಶಾಸ್ತ್ರ ನಡೀದೆ ಬರೀ ಸರ್ಟಿಫಿಕೇಟ್ ಮಾಡಿಸಿದ್ರೆ ಅದು ಹಿಂದೂ ಮದುವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ ನಮ್ಮ ಪಾಂಡವಪುರದ ಕಡೆಯವರೇ. ತಮಿಳುನಾಡಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಅಂತಲೇ ಕಾಯ್ದೆಗೆ ಕಲಮು ಸೇರಿಸಿಕೊಂಡವ್ರೆ. ನಮ್ಮಲ್ಲಿ ಅದಿಲ್ಲ. ಕುವೆಂಪು ಅವರು 1966ರಲ್ಲೇ ಮಗ ತೇಜಸ್ವಿಯವರ ಮದ್ವೆನ ಸರಳವಾಗಿ ಮಾಡಿ ತೋರಿಸಿದ್ರು, ನಾವಿನ್ನೂ ಕಬ್ಬಿನ ಮೇಲೆ ಸಾಲ ತಂದು ಛತ್ರ ಹಿಡೀತಿದೀವಿ. ಅದು ಬಿಡಿ, ಬರೆಯೋಕೆ ಕೂತ್ರೆ ಮುಗಿಯಲ್ಲ.

ನಾಳೆ ಹುಡುಗೀಗೆ ಆಸ್ತಿನೋ ಪಿಂಚಣಿನೋ ಅಂತ ಬಂದಾಗ ಯಾರೂ "ನಿಮ್ಮತ್ತೆ ಚೆನ್ನಾಗಿ ಓದಿದ್ರಾ" ಅಂತ ಕೇಳಲ್ಲ. ಅದಕ್ಕೇ ನಾನೊಂದು ಷರತ್ತು ಹಾಕ್ದೆ. ಮೊದ್ಲು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಅರ್ಜಿ ಕೊಡಿ, 30 ದಿನದ ನೋಟಿಸ್ ಮುಗೀಲಿ, ಅಧಿಕಾರಿ ಮುಂದೆ ಮೂರು ಸಾಕ್ಷಿ ಇಟ್ಟು ಸೈನು ಹಾಕಿ. ಆಮೇಲೆ ನಮ್ಮನೆ ಅಂಗಳದಲ್ಲಿ ನಾನು ಓದ್ತೀನಿ. ಇಬ್ಬರ ಮಾರ್ಕ್ಸ್ ಕಾರ್ಡೂ ತರಿಸಿ ಹುಟ್ಟಿದ ತಾರೀಕು ನೋಡ್ದೆ. ಹುಡುಗಿ ನಕ್ಕಳು, "ನಂಗೆ 26 ಅತ್ತೆ!" ಅಂತ. ನಗಲಿ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದ್ವೆ ನಡೆಸಿಕೊಟ್ರೆ, 2006ರ ಕಾಯ್ದೆಯಲ್ಲಿ ನಡೆಸಿದವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅರ್ಹತೆ ಕೇಳದ ಕಾನೂನು ಹೊಣೆ ಮಾತ್ರ ಕೇಳ್ತದೆ ನೋಡಿ.

ಮೂರು ಸಾಕ್ಷಿಯಲ್ಲಿ ಒಂದು ನೀವು ಹಾಕಿ ಅಂತ ದೊಡ್ಡಮ್ಮನ್ನ ಕೇಳಿದೀನಿ. ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಆಧಾರ್ ಕಾರ್ಡನ್ನ ಮಾತ್ರ ಟ್ರಂಕಿಂದ ತೆಗೆಸಿ ದಿಂಬಿನ ಕೆಳಗೆ ಇಟ್ಕೊಂಡವ್ರಂತೆ.