ಡಬ್ಬಿ ಮೇಲಿನ ದೊಡ್ಡಕ್ಷರ

ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಒಂದು ರೋಗ ಇದೆ: ಊರಿಗೆ ಹೋದಾಗಲೆಲ್ಲ, ಅಲ್ಲಿ ಸರಿಯಾಗಿ ನಡೀತಿರೋದನ್ನ ಸುಧಾರಿಸೋದು. ನಾನೂ ಸುಧಾರಿಸಿದೆ. ಕಾರಿನ ಸರ್ವೀಸ್ ಮುಗಿದ ಮೇಲೆ ಡಿಕ್ಕಿಯಲ್ಲಿ ಉಳಿದಿದ್ದ 5ಡಬ್ಲ್ಯು-30 'ಫುಲ್ಲಿ ಸಿಂಥೆಟಿಕ್' ಆಯಿಲನ್ನು ಕುಮಾರಪಟ್ಟಣದಲ್ಲಿ ಅಪ್ಪನ ಸ್ಪ್ಲೆಂಡರಿಗೆ ಸುರಿದು ಬಂದೆ. ಕಾರಿಗೆ ಹಾಕೋ ದುಬಾರಿ ಎಣ್ಣೆ ಬೈಕಿಗೆ ಕೆಡುಕು ಮಾಡುತ್ತಾ ಅನ್ನೋ ಧಿಮಾಕು.

ಸ್ವಲ್ಪ ದಿನಕ್ಕೇ ಫೋನ್ ಬಂತು. "ಎಂಥಾ ಎಣ್ಣಿ ಹಾಕೀಪಾ? ಇಂಜಿನ್ ಒದರತೈತಿ, ಗಾಡಿ ಮುಂದ ಹೋಗವಲ್ದು. ಹಿಂದ ಗೊಬ್ಬರದ ಚೀಲ ಇಟ್ರಂತೂ ಮುಗದ ಹೋತು."

ಕಾರಿನ ಕ್ಲಚ್ ಸಾಮಾನ್ಯವಾಗಿ ಒಣಗಿರುತ್ತೆ. ಸ್ಪ್ಲೆಂಡರಿನಂಥ ಬೈಕಿನಲ್ಲಿ ಇಂಜಿನ್, ಗೇರು, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲೆಂದು ಇಂಥ ಹಲವು ಕಾರ್ ಆಯಿಲ್‌ಗಳಿಗೆ ಘರ್ಷಣೆ ಕಡಿಮೆ ಮಾಡೋ ರಾಸಾಯನಿಕ ಬೆರೆಸಿರುತ್ತಾರೆ. ಕ್ಲಚ್ ಪ್ಲೇಟುಗಳು ಬದುಕಿರೋದೇ ಘರ್ಷಣೆಯ ಮೇಲೆ! ಅದಕ್ಕೇ ಬೈಕಿನ ಮ್ಯಾನುಯಲ್ 10ಡಬ್ಲ್ಯು-30 ಜೊತೆಗೆ 'ಜಾಸೋ ಎಂಎ' ಅಂತಲೂ ಹೇಳುತ್ತೆ. ಇದು ಕ್ಲಚ್ ಜಾರಬಾರದು ಅಂತಲೇ ಜಪಾನಿನವರು ಮಾಡಿದ ಮಾನದಂಡ. ಗೇರಿಲ್ಲದ ಸ್ಕೂಟರಿನ ಕ್ಲಚ್ ಎಣ್ಣೆಯಲ್ಲಿರೋದಿಲ್ಲ, ಅದಕ್ಕೆ 'ಎಂಬಿ' ನಡೆಯುತ್ತೆ. ಈ ಎರಡಕ್ಷರ ಡಬ್ಬಿಯ ಹಿಂದೆ, ಇರುವೆ ಗಾತ್ರದಲ್ಲಿ. ಮುಂದೆ ಬಂಗಾರದ ಬಣ್ಣದಲ್ಲಿ 'ಸಿಂಥೆಟಿಕ್'. ನಾವು ಕಣ್ಮುಚ್ಚಿ ಕಾಸು ಕೊಡೋದು ಮುಂದಿನದಕ್ಕೆ.

ಆ ಪದಕ್ಕಾದರೂ ಒಂದೇ ಅರ್ಥ ಇದೆಯಾ? ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಕಾಯಿಸಿ, ಒತ್ತಿ, ಶುದ್ಧ ಮಾಡಿದ್ದನ್ನು ಕ್ಯಾಸ್ಟ್ರಾಲ್ ಕಂಪನಿ ಅಮೆರಿಕದಲ್ಲಿ ಸಿಂಥೆಟಿಕ್ ಅಂತ ಮಾರಿದಾಗ ಮೊಬಿಲ್ ತಕರಾರು ತೆಗೆದಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ವ್ಯಾಜ್ಯ ನೋಡುವ ಸಂಸ್ಥೆ, ಹಾಗೆ ಕರೆಯಬಹುದು ಅಂದುಬಿಟ್ಟಿತು. ಅಲ್ಲಿಂದ ಪ್ರಯೋಗಾಲಯದಲ್ಲಿ ಕಟ್ಟಿದ್ದೂ ಸಿಂಥೆಟಿಕ್ಕೇ, ಚೆನ್ನಾಗಿ ಸೋಸಿದ್ದೂ ಸಿಂಥೆಟಿಕ್ಕೇ. ನಮ್ಮೂರಿನವನಾಗಿ ನನಗಿದು ಹೊಳೀಬೇಕಿತ್ತು. ತುಂಗಭದ್ರೆ ದಂಡೆಯ ನಮ್ಮ ಫ್ಯಾಕ್ಟರಿಯಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನೂಲಿನ ಎಳೆ ತೆಗೀತಾರೆ. ಹುಟ್ಟಿದ್ದು ಮರದಲ್ಲಿ, ಜನ ಅನ್ನೋದು ಕೃತಕ ನೂಲು!

ಸಿಂಥೆಟಿಕ್ ಮೋಸ ಅಂತ ನಾನು ಹೇಳ್ತಿಲ್ಲ. ಬಿಸಿಗೆ ಅದು ಬೇಗ ಕೆಡೋದಿಲ್ಲ. ಟರ್ಬೋ ಇರೋ ನಿಮ್ಮ ಕಾರಿನ ಮ್ಯಾನುಯಲ್ ಅದನ್ನೇ ಕೇಳಿದರೆ ಮರುಮಾತಾಡದೆ ಹಾಕಿಸಿ. ಆದರೆ '10ಡಬ್ಲ್ಯುಗಿಂತ 5ಡಬ್ಲ್ಯು ಮೇಲು' ಅಂತ ಆಫೀಸ್ ಕ್ಯಾಂಟೀನಲ್ಲಿ ಭಾಷಣ ಬಿಗಿಯೋರನ್ನ ಕಂಡರೆ ಮೈ ಉರಿಯುತ್ತೆ. ಆ ಡಬ್ಲ್ಯು ಅಂದರೆ ವಿಂಟರ್. 10ಡಬ್ಲ್ಯು ಎಣ್ಣೆಯ ಪರೀಕ್ಷೆ ನಡೆಯೋದು ಮೈನಸ್ 25 ಡಿಗ್ರಿಯಲ್ಲಿ, 5ಡಬ್ಲ್ಯುದು ಮೈನಸ್ 30ರಲ್ಲಿ. ರಾಣೆಬೆನ್ನೂರಿನ ಚಳಿಗೆ ನಮ್ಮವರು ಹೊದೆಯೋದು ಒಂದು ಕಂಬಳಿ. ಇಂಜಿನ್ ಕಾದ ಮೇಲೆ ಲೆಕ್ಕಕ್ಕೆ ಬರೋದು ಹಿಂದಿನ 30, ಅದು ಎರಡರಲ್ಲೂ ಒಂದೇ.

ಮ್ಯಾನುಯಲ್ ಅಪ್ಪನ ಟ್ರಂಕಿನಲ್ಲಿ, ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ನಾನು ಕೇಳಿರಲಿಲ್ಲ, ಅಷ್ಟೆ. ಎಣ್ಣೆ ಇಳಿಸಿ ಸರಿಯಾದದ್ದು ಹಾಕಿಸಿದೆವು, ಪ್ಲೇಟುಗಳನ್ನೂ ಬದಲಾಯಿಸಬೇಕಾಯಿತು. ದುಡ್ಡು ನಾನೇ ಕೊಟ್ಟೆ. ಡಬ್ಬಿಯಲ್ಲಿನ್ನೂ ಅರ್ಧ ಲೀಟರ್ ಉಳಿದಿತ್ತು. ಔಷಧಿ ಹೊಡೆಯೋ ಪಂಪು ಟೂ ಸ್ಟ್ರೋಕ್. ಅದರಲ್ಲಿ ಪೆಟ್ರೋಲ್ ಜೊತೆ ಎಣ್ಣೆಯೂ ಉರಿದು ಹೋಗಬೇಕು, ಅದಕ್ಕೆ ಟೂಟಿ ಆಯಿಲೇ ಬೇಕು. ಇದನ್ನ ನಾನು ವಿವರಿಸೋಕೆ ಬಾಯಿ ತೆರೆಯೋ ಮೊದಲೇ ಅಪ್ಪ ಡಬ್ಬಿ ಎತ್ತಿಟ್ಟು ಅಂದ: "ಪಂಪಿಗೆ ಮಾತ್ರ ಕೈ ಹಚ್ಚಬ್ಯಾಡ ಮಾರಾಯಾ. ನಾಳಿ ಔಷಧಿ ಹೊಡೀಬೇಕು."