ಬೀಪ್ ಅಂದದ್ದೆಲ್ಲ ಹೊನ್ನಲ್ಲ

ಮೊದಲೇ ಹೇಳಿಬಿಡ್ತೀನಿ, ನಾನೂ ಅಗೆದವನೇ. ಹಾಗಾಗಿ ಈ ಬರಹದಲ್ಲಿ ಯಾರನ್ನಾದರೂ ಬೈದಿದ್ದರೆ ಅದರಲ್ಲಿ ಅರ್ಧ ಬೈಗುಳ ನನ್ನ ಪಾಲಿನದು.

ಬೆಂಗಳೂರಿನ ನಮ್ಮಂಥವರಿಗೆ ಮೂವತ್ತು ದಾಟುತ್ತಿದ್ದ ಹಾಗೆ ಒಂದು ಹವ್ಯಾಸ ಬೇಕೇ ಬೇಕು. ಒಬ್ಬ ಲಕ್ಷ ಕೊಟ್ಟು ಸೈಕಲ್ ತಗೋತಾನೆ, ಇನ್ನೊಬ್ಬ ಬಾಲ್ಕನಿಯಲ್ಲಿ ಅಣಬೆ ಬೆಳೀತಾನೆ. ನಮ್ಮ ಟೀಮಿನ ಗೆಳೆಯನೊಬ್ಬ ಮೆಟಲ್ ಡಿಟೆಕ್ಟರ್ ತರಿಸಿದ. ರಾತ್ರಿಯೆಲ್ಲ ಇಂಗ್ಲೆಂಡಿನವರ ಯೂಟ್ಯೂಬ್ ವಿಡಿಯೋ ನೋಡ್ತಿದ್ದ. ಹಸಿರು ಹೊಲ, ಮಂಜು, ಟೋಪಿ ಹಾಕಿದ ಅಜ್ಜ, ಒಂದು ಬೀಪ್, ಒಂದು ರೋಮನ್ ನಾಣ್ಯ. ಅವನ ಸೋದರಮಾವನ ಹೊಲ ಸಂಡೂರು ಕಡೆ ಇತ್ತು. ಹಂಪಿ ಹತ್ತಿರ, ಅಂದಮೇಲೆ ಕೇಳಬೇಕಾ? ವಿಜಯನಗರದವರು ಮುತ್ತುರತ್ನವನ್ನ ಸೇರಲ್ಲಿ ಅಳೆದರು ಅಂತ ಪ್ರೈಮರಿ ಶಾಲೆಯಿಂದ ಕೇಳಿದ್ದೇವಲ್ಲ, ಒಂದೆರಡು ನಾಣ್ಯವಾದರೂ ನಮಗೆ ಅಂತ ಬೀಳಿಸಿರಬೇಕು. ಉಳುಮೆ ಮುಗಿದ ಒಂದು ಶನಿವಾರ ಹೊರಟೆವು.

ಸಂಡೂರಿನ ಬೆಟ್ಟ ಅಂದರೆ ಕಬ್ಬಿಣದ ಅದಿರು. ಅಲ್ಲಿನ ಮಣ್ಣು ಮುಟ್ಟಿದರೆ ಕೈ ಕೆಂಪಾಗುತ್ತೆ. ಇಂಗ್ಲೆಂಡಿನ ಅಜ್ಜನ ಯಂತ್ರಕ್ಕೆ ಆ ಮಣ್ಣಿನಲ್ಲಿ ತಲೆ ಕೆಟ್ಟುಹೋಯಿತು.

ಯಾಕೆ ಅಂತ ಆಮೇಲೆ ಓದಿ ತಿಳ್ಕೊಂಡೆ. ಯಂತ್ರದ ತಟ್ಟೆಯಲ್ಲಿ ಎರಡು ಸುರುಳಿ ಇರುತ್ತವೆ. ಒಂದು ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತೆ. ಒಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ ಮಾರ್ದನಿ ಬರುತ್ತೆ, ಅದನ್ನ ಇನ್ನೊಂದು ಸುರುಳಿ ಹಿಡಿಯುತ್ತೆ. ಆ ಮಾರ್ದನಿ ಬಂದ ರೀತಿ ನೋಡಿ ಇದು ತಾಮ್ರ, ಇದು ಕಬ್ಬಿಣ ಅಂತ ಯಂತ್ರ ಊಹೆ ಮಾಡಿ ಪರದೆ ಮೇಲೆ ಒಂದು ಸಂಖ್ಯೆ ತೋರಿಸುತ್ತೆ. ಊಹೆ ಅಷ್ಟೆ. ಮಣ್ಣಿನಲ್ಲೇ ಮ್ಯಾಗ್ನೆಟೈಟ್‌ನಂಥ ಕಾಂತೀಯ ಖನಿಜ ತುಂಬಿದ್ದರೆ ನೆಲವೇ ಮಾರ್ದನಿ ಕೊಡುತ್ತೆ. ಅದನ್ನ ಕಳೆಯೋಕೆ ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಸೆನ್ಸಿಟಿವಿಟಿ ಇಳಿಸಬೇಕು, ಇಳಿಸಿದಷ್ಟೂ ಆಳ ಕಮ್ಮಿ. ಒಳ್ಳೆ ಮಣ್ಣಲ್ಲಿ ಒಂದು ಗೇಣು ಆಳದ ನಾಣ್ಯ ಹಿಡಿಯುವ ಯಂತ್ರ ಇಲ್ಲಿ ನಾಲ್ಕು ಬೆರಳಿಗೇ ಸುಸ್ತು.

ಇದು ಬರೀ ಮಣ್ಣಿನ ಕಥೆ. ಅದರ ಮೇಲೆ ಕಬ್ಬಿಣದ ಕಸ. ಮೊದಲ ದಿನದ ನಮ್ಮ ಬೇಟೆ ಕೇಳಿ: ಮೊಳೆ ಹದಿನೇಳು, ಎತ್ತಿನ ಲಾಳ ಎರಡು, ಕುಂಟೆಯ ಮುರಿದ ಕುಡ ಒಂದು, ಗುಟ್ಕಾ ಪೊಟ್ಟಣ ಲೆಕ್ಕ ಇಟ್ಟಿಲ್ಲ. ಜೊತೆಗೆ ಕಪ್ಪಗೆ, ತೂತು ತೂತಾಗಿ, ಕೈಗೆ ಭಾರ ಅನ್ನಿಸುವ ಗಟ್ಟಿಗಳು ಒಂದು ಬುಟ್ಟಿ. ಮೊಳೆಯ ಪಕ್ಕದಲ್ಲಿ ನಾಣ್ಯ ಇದ್ದರೆ ಮೊಳೆಯ ಸದ್ದು ನಾಣ್ಯದ ಸದ್ದನ್ನ ಮುಚ್ಚಿಬಿಡುತ್ತೆ. ತುಕ್ಕು ಹಿಡಿದ ಅಗಲವಾದ ಕಬ್ಬಿಣ ಕೆಲವು ಸಲ ಬೆಳ್ಳಿಯ ದನಿಯಲ್ಲೇ ಕೂಗಿ ಮೋಸ ಮಾಡುತ್ತೆ. ಚಿಕ್ಕ ತಟ್ಟೆ ಹಾಕಿ, ನಿಧಾನಕ್ಕೆ ಬೀಸಿ, ಅಡ್ಡ ತಿರುಗಿ ಇನ್ನೊಂದು ದಿಕ್ಕಿನಿಂದಲೂ ಕೇಳಬೇಕು. ಎರಡೂ ಕಡೆಯಿಂದ ಒಂದೇ ದನಿ ಬಂದರೆ ಅಗೀಬಹುದು, ಒಂದು ಕಡೆಯಿಂದ ಮುರಿದರೆ ಕಬ್ಬಿಣ. ಇದೆಲ್ಲ ಕಲಿಯೋದು ಮಜವಾಗೇ ಇರುತ್ತೆ, ಸುಳ್ಳು ಹೇಳಲ್ಲ.

ಭಾನುವಾರದ ಹೊತ್ತಿಗೆ ತಾಳ್ಮೆ ಮುಗಿದಿತ್ತು. ಯಂತ್ರದಲ್ಲಿ ಡಿಸ್ಕ್ರಿಮಿನೇಷನ್ ಅಂತ ಒಂದು ಬಟನ್ ಇದೆ. ಒತ್ತಿದರೆ ಕಬ್ಬಿಣಕ್ಕೆ ಯಂತ್ರ ಬಾಯಿ ಬಿಡೋದಿಲ್ಲ. ಒತ್ತಿದೆವು. ಹೊಲ ಮೌನವಾಯಿತು. ಮಧ್ಯಾಹ್ನ ಮೂರಕ್ಕೆ ಒಂದು ಬೀಪ್. ಹೆಬ್ಬೆರಳಿನ ಉಗುರಷ್ಟು ಗಾತ್ರದ ತಾಮ್ರದ ಕಾಸು. ಇಬ್ಬರೂ ಹೊಲದಲ್ಲಿ ಕುಣಿದೆವು. ಬುಟ್ಟಿಯ ಗಟ್ಟಿಗಳನ್ನ ಬದುವಿನಾಚೆ ಸುರಿದೆವು. ರಾತ್ರಿ ಕಾಸನ್ನ ಹುಣಸೆಹಣ್ಣು ಹಾಕಿ ತಿಕ್ಕಿದೆವು, ದೇವರ ದೀಪ ತಿಕ್ಕಿದ ಹಾಗೆ. ಫಳಫಳ ಹೊಳೆಯಿತು. ಸ್ಟೇಟಸ್ಸಿಗೆ ಹಾಕಿದೆವು.

ಮುಂದಿನ ವಾರ ಅದನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಪ್ರಾಚ್ಯಶಾಸ್ತ್ರ ಪಾಠ ಮಾಡಿದವರು. ಕಾಸನ್ನ ನೋಡಿದ್ದು ಐದು ಸೆಕೆಂಡು. "ಎಲ್ಲಿ ಸಿಕ್ತು?" ಅಂದರು. ಸಂಡೂರು ಕಡೆ ಅಂದೆ. "ಹೊಲದಲ್ಲಿ ಎಲ್ಲಿ?" ಗೊತ್ತಿಲ್ಲ. "ಎಷ್ಟು ಆಳ?" ಒಂದು ಗೇಣಿಗಿಂತ ಕಡಿಮೆ, ಸರಿಯಾಗಿ ಅಳೀಲಿಲ್ಲ. "ಜೊತೆಗೆ ಏನಿತ್ತು?"

"ಏನಿಲ್ಲ ಸಾರ್, ಬರೀ ಕಬ್ಬಿಣದ ಕಸ."

ಅವರು ಕನ್ನಡಕ ತೆಗೆದರು. "ಎಂಥಾ ಕಸ?" ವರ್ಣಿಸಿದೆ. "ಕಿಟ್ಟ ಇರಬೇಕು ಕಣಯ್ಯಾ. ಯಾವ ಕಾಲದಲ್ಲೋ ಅಲ್ಲಿ ಯಾರೋ ಕಬ್ಬಿಣ ಕರಗಿಸಿರಬಹುದು. ಅದನ್ನ ಬಿಸಾಕಿ ಇದನ್ನ ತಂದಿದೀಯ. ಇದರ ಮೇಲಿದ್ದ ಅಕ್ಷರಾನೂ ತಿಕ್ಕಿ ಅಳಿಸಿದೀಯ."

ನನ್ನ ತಕರಾರು ಇಲ್ಲಿಂದ ಶುರು.

ಆ ಬಟನ್ ಒತ್ತೋದು ಅಂದರೆ ಇತಿಹಾಸದಲ್ಲಿ ಯಾವುದನ್ನ ಕೇಳಿಸ್ಕೊಳ್ಳಬೇಕು, ಯಾವುದನ್ನ ಬೇಡ ಅಂತ ಅಗೆಯೋ ಮೊದಲೇ ತೀರ್ಮಾನ ಮಾಡೋದು. ನಮ್ಮ ನಾಡಿನಲ್ಲಿ ಆ ತೀರ್ಮಾನ ಪೂರ್ತಿ ಉಲ್ಟಾ. ಹಾವೇರಿ ಜಿಲ್ಲೆಯ ಹಳ್ಳೂರು ಅಂತ ಒಂದು ಊರಿದೆ, ತುಂಗಭದ್ರೆಯ ದಡ. 1965ರಲ್ಲಿ ಅಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಈ ದೇಶದಲ್ಲಿ ಕಬ್ಬಿಣ ಎಷ್ಟು ಹಳೆಯದು ಅನ್ನೋ ಚರ್ಚೆಯಲ್ಲಿ ಆ ಹಳ್ಳಿಯ ಹೆಸರು ಬಂದೇ ಬರುತ್ತೆ. ದೂರ ಯಾಕೆ, ನಾವು ವೀಕೆಂಡಿಗೆ ಬಿಯರ್ ಕುಡಿಯೋ ಕೋರಮಂಗಲದಲ್ಲಿ, ಏರ್‌ಪೋರ್ಟ್ ದಾರಿಯ ಚಿಕ್ಕಜಾಲದಲ್ಲಿ ಕಬ್ಬಿಣ ಯುಗದ ಸಮಾಧಿಗಳೂ ಉಪಕರಣಗಳೂ ಸಿಕ್ಕಿವೆ. ಈ ನೆಲದಲ್ಲಿ ನಾಣ್ಯ ಟಂಕಿಸುವ ನೂರಾರು ವರ್ಷ ಮೊದಲೇ ಕಬ್ಬಿಣ ಕಾಸಿದ್ದರು. ನಾವು ಕಸ ಅಂದದ್ದು ಆ ಪುಸ್ತಕದ ಮೊದಲ ಅಧ್ಯಾಯ.

ಇಷ್ಟು ಹೇಳಿದರೂ "ನಂಗೆ ನಾಣ್ಯ ಸಾಕು ಗುರೂ" ಅನ್ನೋರಿಗೆ ಇನ್ನೊಂದು ಮಾತು. ಹಣ ಅಂತೀವಲ್ಲ, ಅದು ಒಂದು ಕಾಲದಲ್ಲಿ ಪುಟ್ಟ ಚಿನ್ನದ ನಾಣ್ಯದ ಹೆಸರು. ಅರ್ಧ ಗ್ರಾಂ ಕೂಡ ತೂಗೋದಿಲ್ಲ, ಕಡಲೆಬೇಳೆಯಷ್ಟು. ಅಷ್ಟು ಚಿಕ್ಕ ಚಿನ್ನ ಯಂತ್ರಕ್ಕೆ ಕೊಡುವ ಸದ್ದು ಕಬ್ಬಿಣದ ಸದ್ದಿಗೆ ಒತ್ತಿಕೊಂಡೇ ಇರುತ್ತೆ. ಕಬ್ಬಿಣ ಬೇಡ ಅಂತ ಬಟನ್ ಒತ್ತಿದರೆ ಹೋಗೋದರಲ್ಲಿ ಮೊದಲನೆಯದು ಹಣವೇ.

ನಾಣ್ಯ ಸಿಕ್ಕಿತು ಅಂತಲೇ ಇಟ್ಕೊಳ್ಳಿ. ಜಾಗ ಗೊತ್ತಿಲ್ಲದ ನಾಣ್ಯಕ್ಕೆ ಏನು ಬೆಲೆ? ಚಿತ್ರದುರ್ಗಕ್ಕೆ ಹೋದವರು ಚಂದ್ರವಳ್ಳಿ ನೋಡಿರ್ತೀರಿ. ಅಲ್ಲಿ ಎಂ.ಎಚ್. ಕೃಷ್ಣ ಅಗೆದರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಶಾತವಾಹನರ ನಾಣ್ಯ ಸಿಕ್ಕವು, ರೋಮನ್ ಬೆಳ್ಳಿ ನಾಣ್ಯವೂ ಸಿಕ್ಕಿತು. ರೋಮನ್ ನಾಣ್ಯದ ಕಾಲ ಗೊತ್ತಿರುತ್ತೆ, ಯಾವ ದೊರೆಯ ಮುಖ ಅಂತ ನೋಡಿದರೆ ಆಯಿತು. ಆ ನಾಣ್ಯ ಯಾವ ಪದರದಲ್ಲಿತ್ತೋ ಆ ಪದರದ ಮಡಕೆ ಚೂರುಗಳಿಗೂ ಒಂದು ಕಾಲ ಸಿಗುತ್ತೆ. ಅದೇ ಥರದ ಮಡಕೆ ಬೇರೆ ಊರಲ್ಲಿ ಸಿಕ್ಕರೆ ಆ ಊರಿಗೂ ಒಂದು ಅಂದಾಜು ಸಿಗುತ್ತೆ. ನಾಣ್ಯವನ್ನ ಕಿತ್ತು ಜೇಬಿಗೆ ಹಾಕ್ಕೊಂಡರೆ ಇಷ್ಟೂ ಕೊಂಡಿ ಕಳಚಿತು. ಉಳಿಯೋದು ಐದು ಗ್ರಾಂ ಲೋಹ.

"ಇಂಗ್ಲೆಂಡಲ್ಲಿ ಎಲ್ಲರೂ ಮಾಡ್ತಾರೆ" ಅನ್ನೋದು ನನ್ನ ಗೆಳೆಯನ ಬ್ರಹ್ಮಾಸ್ತ್ರ. ಮಾಡ್ತಾರೆ. ಹೇಗೆ ಮಾಡ್ತಾರೆ ಅಂತಲೂ ನೋಡಬೇಕಲ್ಲ. ಜಮೀನಿನ ಮಾಲೀಕರ ಒಪ್ಪಿಗೆ ಬೇಕು. ಸಂರಕ್ಷಿತ ಸ್ಥಳದಲ್ಲಿ ಅನುಮತಿ ಇಲ್ಲದೆ ಯಂತ್ರ ಆಡಿಸೋದೇ ಅಪರಾಧ. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ನಿಧಿ ಸಿಕ್ಕ 14 ದಿನದೊಳಗೆ ಅಧಿಕಾರಿಗೆ ತಿಳಿಸಬೇಕು. ನಿಧಿ ಅಲ್ಲದ ಒಂಟಿ ನಾಣ್ಯ, ಗುಂಡಿ, ಮೊಳೆಯನ್ನೂ ದಾಖಲು ಮಾಡ್ಕೊಳ್ಳೋಕೆ 1997ರಿಂದ ಒಂದು ಯೋಜನೆ ನಡೀತಿದೆ, ಇವತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ವಸ್ತು ದಾಖಲಾಗಿವೆ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಅನ್ನೋ ಆಸ್ಪತ್ರೆ ಅಡುಗೆಯವರಿಗೆ ನೆಲದೊಳಗೆ ಒಂದು ಮಡಕೆಯ ಬಾಯಿ ಕಂಡಿತು. ಅವರು ಮಾಡಿದ ದೊಡ್ಡ ಕೆಲಸ ಅಂದರೆ ಅಗೆಯೋದು ನಿಲ್ಲಿಸಿದ್ದು. ಮಣ್ಣು ಮುಚ್ಚಿ ಪುರಾತತ್ವದವರನ್ನ ಕರೆದರು. ಅವರು ಪದರ ಪದರವಾಗಿ ಬಿಡಿಸಿದಾಗ 52,503 ರೋಮನ್ ನಾಣ್ಯಗಳು. ಎಲ್ಲಕ್ಕಿಂತ ಈಚಿನ ನಾಣ್ಯಗಳು ಮೇಲ್ಪದರದಲ್ಲಿರದೆ ಆಳದಲ್ಲಿದ್ದವು. ಅಂದರೆ ವರ್ಷ ವರ್ಷ ಕೂಡಿಟ್ಟ ಗಂಟಲ್ಲ, ಒಂದೇ ಸಲ ಸುರಿದದ್ದು ಅಂತ ಅಂದಾಜು ಮಾಡೋಕೆ ಆಯಿತು. ಅವರು ಗೋಣಿಚೀಲಕ್ಕೆ ತುಂಬಿ ಮನೆಗೆ ಒಯ್ದಿದ್ದರೆ ಈ ಮಾತು ಎಂದಿಗೂ ಗೊತ್ತಾಗ್ತಿರಲಿಲ್ಲ.

ಅದೇ ದೇಶದಲ್ಲಿ 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಯಾರಿಗೂ ಹೇಳದೆ ಮಾರಿದರು. ಮುನ್ನೂರರಷ್ಟು ನಾಣ್ಯ ಇದ್ದಿರಬಹುದು ಅಂತ ಅಂದಾಜು, ಕೈಗೆ ಬಂದದ್ದು ಮೂವತ್ತರ ಆಸುಪಾಸು. 2019ರಲ್ಲಿ ಇಬ್ಬರೂ ಜೈಲಿಗೆ ಹೋದರು, ನಾಣ್ಯ ಮಾತ್ರ ಬರಲಿಲ್ಲ. ಇಂಗ್ಲೆಂಡಿನ ಉದಾಹರಣೆ ಕೊಡೋರು ಎರಡನ್ನೂ ಕೊಡಿ.

ನಮ್ಮಲ್ಲಿ? ಹಾಳು ದೇವಸ್ಥಾನದ ಪೀಠ ಒಡೆದು ಅಮಾವಾಸ್ಯೆ ರಾತ್ರಿ ಅಗೆಯೋರನ್ನ ನಿಧಿಗಳ್ಳರು ಅಂತೀವಿ, ಪೇಪರಲ್ಲಿ ಓದಿ ಛೀ ಅಂತೀವಿ. ನಾವು ಬ್ರ್ಯಾಂಡೆಡ್ ಶೂ ಹಾಕ್ಕೊಂಡು ಹಗಲು ಹೊತ್ತು ಅಗೆದರೆ ಹವ್ಯಾಸ. ಅವರದು ನಿಂಬೆಹಣ್ಣು, ನಮ್ಮದು ಲಿಥಿಯಂ ಬ್ಯಾಟರಿ. ನೆಲಕ್ಕೆ ಆಗೋ ಗಾಯದಲ್ಲಿ ಏನು ವ್ಯತ್ಯಾಸ ಅಂತ ನನಗೆ ಇನ್ನೂ ಯಾರೂ ಹೇಳಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿ ಇಲ್ಲದೆ ಅಗೆಯುವ ಹಾಗಿಲ್ಲ ಅಂತ 1958ರ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ ಅಂತ 1972ರ ಕಾಯ್ದೆ ಇದೆ. ಮಾವನ ಹೊಲ ಅಂದಮಾತ್ರಕ್ಕೆ ಕೆಳಗಿರೋದೆಲ್ಲ ಮಾವನದ್ದಲ್ಲ.

ಹಾಗಂತ ಸರ್ಕಾರವನ್ನ ಸುಮ್ಮನೆ ಬಿಡೋಕೂ ಆಗೋಲ್ಲ. ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಏನು ಸಿಕ್ಕಿತು, ಎಲ್ಲಿ, ಯಾವತ್ತು ಅಂತ ಕೇಳುತ್ತೆ. ಎಷ್ಟು ಆಳ, ಪಕ್ಕದಲ್ಲಿ ಏನಿತ್ತು ಅಂತ ಕೇಳೋದಿಲ್ಲ. ಬೆಲೆ ಕಟ್ಟೋಕೆ ಹುಟ್ಟಿದ ಕಾನೂನು ಅದು, ತಿಳ್ಕೊಳ್ಳೋಕಲ್ಲ. ಇವತ್ತು ಉಳುವಾಗ ರೈತನಿಗೆ ಒಂದು ಕುಡಿಕೆ ಸಿಕ್ಕರೆ ಅವನಿಗೆ ಮೊದಲು ನೆನಪಾಗೋದು ಮ್ಯೂಸಿಯಂ ಅಲ್ಲ, ಪೊಲೀಸ್ ಸ್ಟೇಷನ್. ಅದಕ್ಕೇ ಕುಡಿಕೆ ಅಕ್ಕಸಾಲಿಗನ ಮೂಸೆಗೆ ಹೋಗುತ್ತೆ. ತಾಲೂಕಿಗೆ ಒಬ್ಬರು, ಬೇಡ, ಜಿಲ್ಲೆಗೆ ಒಬ್ಬರಾದರೂ ಹೆದರಿಸದೆ ಬಂದು ನೋಡಿ, ಅಳೆದು, ಬರ್ಕೊಂಡು ಹೋಗುವವರು ಬೇಕು. ಕೊಟ್ಟವರಿಗೆ ಮರ್ಯಾದೆಯಾಗಿ ಬಹುಮಾನ ಬೇಕು. ಟ್ವಿಟರಲ್ಲಿ ಹಂಪಿ ಫೋಟೋ ಹಾಕಿ ಹೆಮ್ಮೆ ಪಡುವ ನಾವು ಕೇಳಬೇಕಾದ್ದು ಇದನ್ನ.

ಆ ವ್ಯವಸ್ಥೆ ಬರೋವರೆಗೆ ನನ್ನ ಮಾತು ಒಂದೇ: ಯಂತ್ರ ಆಫ್ ಮಾಡಿ. ಟ್ರೆಕ್ಕಿಂಗಿನಲ್ಲೋ ಹೊಲದಲ್ಲೋ ಏನಾದರೂ ಕಣ್ಣಿಗೆ ಬಿದ್ದರೆ ಕೀಳಬೇಡಿ, ತಿಕ್ಕಬೇಡಿ. ಫೋನಿನಲ್ಲಿ ಫೋಟೋ ತೆಗೀರಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಡಿ, ಲೊಕೇಶನ್ ಗುರುತು ಹಾಕಿ, ಸುತ್ತ ಬಿದ್ದಿರುವ ಮಡಕೆ ಚೂರು, ಕಿಟ್ಟ, ಮೊಳೆಯ ಫೋಟೋನೂ ತೆಗೀರಿ. ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕಳಿಸಿ. ಉತ್ತರ ಬರದಿದ್ದರೆ ಮತ್ತೆ ಕಳಿಸಿ. ನಮಗೆ ಫಾಲೋ ಅಪ್ ಮೇಲ್ ಬರೆಯೋದು ಹೊಸತೇನಲ್ಲ.

ಮೇಷ್ಟ್ರ ಮಾತು ಕೇಳಿ ನಾನು ಮತ್ತೆ ಆ ಹೊಲಕ್ಕೆ ಹೋಗಿದ್ದೆ, ಯಂತ್ರ ಇಲ್ಲದೆ. ಬದುವಿನಾಚೆ ಸುರಿದ ಕಪ್ಪು ಗಟ್ಟಿಗಳು ಇರಲಿಲ್ಲ. "ಅವಾ? ಮಳೆಗೆ ದಾರಿ ಗುಂಡಿ ಬಿದ್ದಿತ್ತಲ್ರೀ, ಅದಕ್ಕೆ ತುಂಬಿದ್ವಿ" ಅಂದರು ಮಾವ. ಅವರ ತಪ್ಪಲ್ಲ. ಕಸ ಅಂತ ಹೇಳಿಕೊಟ್ಟವರು ನಾವು. ಅವು ನಿಜಕ್ಕೂ ಕಿಟ್ಟವಾ, ಯಾವ ಕಾಲದ್ದು, ಎಷ್ಟು ಜನ ಅಲ್ಲಿ ಕುಲುಮೆ ಊದಿದ್ದರು, ಯಾವುದೂ ಇನ್ನು ಗೊತ್ತಾಗೋದಿಲ್ಲ. ಅದರ ಮೇಲೆ ಟ್ರ್ಯಾಕ್ಟರ್ ಓಡಾಡ್ತಿದೆ.

ಕಾಸು ನನ್ನ ಡ್ರಾಯರಿನಲ್ಲಿದೆ, ಹಳೇ ಕಂಪನಿಗಳ ಐಡಿ ಕಾರ್ಡುಗಳ ಜೊತೆ. ಎರಡೂ ಮುಖ ನುಣ್ಣಗಿವೆ. ಸಿಕ್ಕ ಊರಿನ ಹೆಸರೊಂದನ್ನ ಚೀಟಿಯಲ್ಲಿ ಬರೆದು ಜಿಲ್ಲಾ ಮ್ಯೂಸಿಯಂಗೆ ಕೊಡೋಣ ಅಂತಿದ್ದೇನೆ. ಬರೆಯೋಕೆ ಅದಕ್ಕಿಂತ ಹೆಚ್ಚು ನನ್ನ ಹತ್ತಿರ ಏನೂ ಇಲ್ಲ.

ಇದನ್ನ ಓದಿ ಯಾರಾದರೂ "ಅಲ್ಲಾ ಸಾರ್, ಯಾವ ಮಾಡೆಲ್ ತಗೊಂಡರೆ ಕೆಂಪು ಮಣ್ಣಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ?" ಅಂತ ಕೇಳೇ ಕೇಳ್ತಾರೆ. ದಯವಿಟ್ಟು ನನ್ನನ್ನ ಕೇಳಬೇಡಿ.