ಮದ್ದಿನಂಗಡಿಯಲ್ಲಿ ತಲೆಯಾಡಿಸಿ ಬರಬೇಡಿ



ನಾವು ಕೂರುವುದು ಕಾಸರಗೋಡು ಕಡೆಯ ಒಂದು ಬ್ಯಾಂಕಿನ ಕೌಂಟರಿನಲ್ಲಿ. ಪಾಸ್‌ಬುಕ್ಕು, ಪಿಂಚಣಿ, ಚಿನ್ನದ ಸಾಲ ಇವು ನಮ್ಮ ಕೆಲಸ. ಆದರೆ ಇಲ್ಲಿ ಕನ್ನಡ ಮಾತಾಡುವವರು ಇದ್ದಾರೆ ಅಂತ ಗೊತ್ತಾದ ಮೇಲೆ ಜನ ಬೇರೆ ಕಾಗದಗಳನ್ನೂ ತಂದು ಓದಿಸಿಕೊಳ್ಳುತ್ತಾರೆ. ಹೋದ ತಿಂಗಳು ಒಬ್ಬ ತಾಯಿ ಚೀಲದಿಂದ ಒಂದು ಮದ್ದಿನ ಬಾಟಲಿ ತೆಗೆದಿಟ್ಟರು.

"ಇದ್ರಲ್ಲಿ ಎಂತ ಬರ್ದಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ ಸಾರ್? ಚಿಕ್ಕವನಿಗೆ ಜ್ವರ."

ಓದಿದೆವು. ಸೆಫಿಕ್ಸಿಮ್, ನೀರು ಬೆರೆಸಿ ಕೊಡುವ ಡ್ರೈ ಸಿರಪ್. ದೊಡ್ಡ ಮಗನಿಗೆ ಕಿವಿ ಸೋರಿದಾಗ ಡಾಕ್ಟರು ಬರೆದು ಕೊಟ್ಟದ್ದಂತೆ. ಮೂರು ದಿನಕ್ಕೆ ನೋವು ಹೋಯಿತು, ಇವರು ಮದ್ದು ನಿಲ್ಲಿಸಿದರು. ಅರ್ಧ ಬಾಟಲಿ ಉಳಿದಿತ್ತು. "ಅಷ್ಟು ಕ್ರಯದ ಮದ್ದು, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ" ಅಂದರು. ನೀರು ಬೆರೆಸಿ ತಿಂಗಳು ದಾಟಿತ್ತು. ಅಂಗಡಿಯವರು ಏನೂ ಹೇಳಲಿಲ್ಲವೇ ಎಂದು ಕೇಳಿದೆವು. ಹೇಳಿದ್ದರಂತೆ, ಮಲಯಾಳದಲ್ಲಿ. "ಅರ್ಥ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು ಸಾರ್. ತಲೆ ಆಡಿಸಿ ಬಂದೆ."

ಅದನ್ನು ಕೊಡಬೇಡಿ, ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಹೇಳಿ ಕಳಿಸಿದೆವು. ಆದರೆ ಆ "ತಲೆ ಆಡಿಸಿ ಬಂದೆ" ಎಂಬ ಮಾತು ನಮ್ಮನ್ನು ಬಿಡಲಿಲ್ಲ. ತಾಳವಾಡಿಯಲ್ಲಿ ತಮಿಳಿಗೆ, ಅಕ್ಕಲಕೋಟೆಯಲ್ಲಿ ಮರಾಠಿಗೆ, ಆದೋನಿಯಲ್ಲಿ ತೆಲುಗಿಗೆ ನಮ್ಮವರು ಹೀಗೆಯೇ ತಲೆಯಾಡಿಸಿ ಬರುತ್ತಾರೆ. ಬೇರೆ ಕಡೆ ತಲೆಯಾಡಿಸಿದರೆ ಒಂದು ಅರ್ಜಿ ತಪ್ಪಾಗಬಹುದು. ಮದ್ದಿನ ವಿಷಯದಲ್ಲಿ ತಪ್ಪಾದರೆ ಜೀವದ ಪ್ರಶ್ನೆ.

ನಾವು ಡಾಕ್ಟರಲ್ಲ, ಬಿಕಾಂ ಓದಿದವರು. ಆದರೂ ಎಲ್ಲರಿಗೂ ಗೊತ್ತಿರಬೇಕಾದಷ್ಟನ್ನು ಕನ್ನಡದಲ್ಲಿ ಹೇಳುತ್ತೇವೆ.

ಸೆಫಿಕ್ಸಿಮ್ ಎಂಬುದು ಸೆಫಲೋಸ್ಪೊರಿನ್ ಎಂಬ ಆ್ಯಂಟಿಬಯಾಟಿಕ್ ಕುಟುಂಬದ್ದು. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ವಿಜ್ಞಾನಿ, ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ಸಿಕ್ಕಿದ ಒಂದು ಬೂಷ್ಟಿನಿಂದ ಈ ಕುಟುಂಬದ ದಾರಿ ಕಂಡುಹಿಡಿದರು. ಇದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕಟ್ಟಲು ಬಿಡುವುದಿಲ್ಲ. ಟೈಫಾಯಿಡ್, ಮೂತ್ರದ ಸೋಂಕು, ಕಿವಿ ಗಂಟಲಿನ ಕೆಲವು ಸೋಂಕುಗಳಿಗೆ ಡಾಕ್ಟರು ಬರೆಯುತ್ತಾರೆ. ಶೀತ, ಫ್ಲೂ, ಡೆಂಗಿ ಬರುವುದು ವೈರಸ್ಸಿನಿಂದ. ಅವುಗಳಿಗೆ ಈ ಮದ್ದು ನಾಟುವುದೇ ಇಲ್ಲ.

ಈಗ ನೆನಪಿಡಬೇಕಾದದ್ದು.

ಒಂದು, ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ತಿಂದು ಹಿಂದೆ ಮೈ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಇವೆರಡೂ ಹತ್ತಿರದ ನೆಂಟರು. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗಬಹುದು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು, ಗರ್ಭಿಣಿಯರು ಅದನ್ನೂ ಹೇಳಬೇಕು.

ಎರಡು, ಮಕ್ಕಳಿಗೆ ಎಷ್ಟು ಎಂಬುದು ತೂಕದ ಲೆಕ್ಕ. ಅಣ್ಣನ ಅಳತೆ ತಮ್ಮನಿಗಲ್ಲ. ಪುಡಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಪ್ರತಿ ಸಲ ಚೆನ್ನಾಗಿ ಕುಲುಕಿ, ಬಾಟಲಿಯ ಜೊತೆ ಕೊಟ್ಟ ಅಳತೆಯಲ್ಲೇ ಕೊಡಿ. ಅಡುಗೆಮನೆಯ ಚಮಚ ಬೇಡ. ಬೆರೆಸಿದ ಮೇಲೆ ಕಂಪನಿ ಹೇಳಿದಂತೆ 7 ದಿನ ಅಥವಾ 14 ದಿನ, ಅಷ್ಟೇ ಅದರ ಆಯುಸ್ಸು.

ಮೂರು, ಡಾಕ್ಟರು ಹೇಳಿದಷ್ಟು ದಿನ ತಗೊಳ್ಳಿ. ಜ್ವರ ಬಿಟ್ಟಿತು ಅಂತ ನಾವೇ ನಿಲ್ಲಿಸುವುದಲ್ಲ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತಗೊಳ್ಳಿ. ಮುಂದಿನದ್ದರ ಹೊತ್ತೇ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.

ನಾಲ್ಕು, ಹೊಟ್ಟೆ ಸ್ವಲ್ಪ ಸಡಿಲ ಆಗುವುದು ಸಾಮಾನ್ಯ. ಆದರೆ ನೀರಿನಂತೆ ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ, ಮದ್ದು ಮುಗಿದು ಕೆಲವು ವಾರ ಆಗಿದ್ದರೂ ಡಾಕ್ಟರಿಗೆ ತೋರಿಸಿ. ಮುಖ, ತುಟಿ ಊದಿದರೆ, ಉಸಿರಾಟ ಕಷ್ಟ ಆದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ.

ಇನ್ನು ಕಾನೂನಿನ ಮಾತು. ಸೆಫಿಕ್ಸಿಮ್ ಇರುವುದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ರೋಗಿಯ ಹೆಸರು, ಬರೆದ ಡಾಕ್ಟರು, ಕೊಟ್ಟ ಮದ್ದು, ಎಷ್ಟು ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ನಮ್ಮ ಲೆಡ್ಜರಿನ ಹಾಗೆಯೇ. ಕೇರಳ ಸರ್ಕಾರ 2018ರಲ್ಲೇ ಇದಕ್ಕೊಂದು ಕಾರ್ಯಯೋಜನೆ ಮಾಡಿತು. 2024ರಲ್ಲಿ "ಆಪರೇಷನ್ ಅಮೃತ್" ಹೆಸರಿನಲ್ಲಿ, ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವ ಅಂಗಡಿಗಳ ತಪಾಸಣೆಯನ್ನೂ ಶುರುಮಾಡಿತು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇವೆ.

ಇಷ್ಟು ಬಿಗಿ ಯಾಕೆ? ಬೇಕಾಬಿಟ್ಟಿ ಬಳಸಿದಷ್ಟೂ ಬ್ಯಾಕ್ಟೀರಿಯಾ ಕಲಿಯುತ್ತದೆ. ಸೆಫಲೋಸ್ಪೊರಿನನ್ನೇ ತುಂಡುಮಾಡುವ ಕಿಣ್ವ ತಯಾರಿಸುವ ಇ. ಕೋಲಿ, ಕ್ಲೆಬ್ಸಿಯೆಲ್ಲಾ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈಗ ಅಪರೂಪವಲ್ಲ. ನಾಳೆ ನಿಜವಾಗಿ ಬೇಕಾದಾಗ ಈ ಮದ್ದು ಕೆಲಸ ಮಾಡದಿದ್ದರೆ ಹೆಚ್ಚು ಕ್ರಯದ ಇಂಜೆಕ್ಷನ್ನು, ಆಸ್ಪತ್ರೆ ವಾಸ. ಅದಕ್ಕಾಗಿ ಚಿನ್ನ ಅಡವಿಡಲು ನಮ್ಮ ಕೌಂಟರಿಗೇ ಬರಬೇಕಾಗುತ್ತದೆ. ಆ ಸಾಲು ಉದ್ದವಾಗುವುದು ನಮಗೆ ಬೇಡ.

ತಪ್ಪೆಲ್ಲ ಭಾಷೆಯದ್ದು ಅಂತ ನಾವು ಹೇಳುವುದಿಲ್ಲ. ಚೀಟಿ ಇಲ್ಲದೆ "ಮೊನ್ನೆದ್ದೇ ನಾಲ್ಕು ಮಾತ್ರೆ ಕೊಡಿ" ಅಂತ ಕನ್ನಡದಲ್ಲೇ ಕೇಳುವವರೂ ನಾವೇ. ಮೊದಲು ಆ ಅಭ್ಯಾಸ ಬಿಡಬೇಕು. ಆದರೆ ಆ ತಾಯಿ ಡಾಕ್ಟರ ಚೀಟಿಯಿಂದಲೇ ಮದ್ದು ತಂದವರು. ಅವರಿಗೆ ಸಿಗದೇ ಹೋದದ್ದು ಅರ್ಥವಾಗುವ ನಾಲ್ಕು ಮಾತು.

ಹಾಗಾಗಿ ಎರಡು ಕೋರಿಕೆ. ಸರ್ಕಾರಕ್ಕೆ: ಕಾಸರಗೋಡು, ಮಂಜೇಶ್ವರದಂಥ ಕಡೆ ಆಸ್ಪತ್ರೆ, ಮದ್ದಿನಂಗಡಿಗಳಲ್ಲಿ ಆ್ಯಂಟಿಬಯಾಟಿಕ್ ಸೂಚನೆ ಕನ್ನಡದಲ್ಲೂ ಇರಲಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಈ ಮನವಿಯನ್ನು ಕನ್ನಡದಲ್ಲೇ ಬರೆಯೋಣ.

ನಿಮಗೆ: ಅರ್ಥ ಆಗದಿದ್ದರೆ "ಇನ್ನೊಮ್ಮೆ ಹೇಳಿ" ಅನ್ನಿ. ಎಷ್ಟು, ಯಾವಾಗ, ಎಷ್ಟು ದಿನ ಎಂಬ ಮೂರನ್ನು ಕವರಿನ ಮೇಲೆ ಬರೆಸಿಕೊಳ್ಳಿ. ಕನ್ನಡ ಬಲ್ಲ ನೆರೆಮನೆಯ ಕಾಲೇಜು ಹುಡುಗಿಗೆ ಅಲ್ಲಿಂದಲೇ ಫೋನು ಮಾಡಿ ಮಾತಾಡಿಸಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇವತ್ತೇ ಮನೆಯ ಕಪಾಟು ತೆರೆದು ನೋಡಿ. ಉಳಿದ ಆ್ಯಂಟಿಬಯಾಟಿಕ್ ಬಾಟಲಿ ಇದ್ದರೆ ಮತ್ತೆ ಯಾರಿಗೂ ಕೊಡಬೇಡಿ.